ಭದ್ರೆಯ ಬಂಡೆ ಮೇಲೆ, ನೀರುನಾಯಿ ಮರಿಗಳ ಎದುರು

ಎರಡು ವರ್ಷದ ಹಿಂದಿನ ಮಾತು. ಶಿವರಾತ್ರಿ ಕಳೆದು ಒಂದು ವಾರವಾಗಿತ್ತು. ಭದ್ರಾವತಿಯಲ್ಲಿ ನಮ್ಮ ಮನೆಯ ಹಿತ್ತಿಲು ದಾಟಿದರೆ ಹೊಳೆ. ನನ್ನ ಗಂಡ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್. ನಾನು ಮನೆಯಲ್ಲೇ ಬ್ಲೌಸು ಹೊಲಿಯುತ್ತೇನೆ.

ನಾನು ಮದುವೆಯಾಗಿ ಬಂದ ಕಾಲದಲ್ಲಿ ಹೊಳೆ ಕಡೆಯ ಕಿಟಕಿಯನ್ನು ಯಾರೂ ತೆಗೆಯುತ್ತಿರಲಿಲ್ಲ. ಬಡಾವಣೆಯ ಚರಂಡಿಯೆಲ್ಲ ಅಲ್ಲೇ ಬಂದು ಬೀಳುತ್ತಿತ್ತು. ಬೇಸಿಗೆಯಲ್ಲಂತೂ ಕಪ್ಪು ನೀರು, ಅದರ ಮೇಲೆ ನೊರೆ, ಸೊಳ್ಳೆ. ಆ ಚರಂಡಿಯನ್ನು ಬೇರೆ ಕಡೆ ತಿರುಗಿಸಿದ ಮೇಲೆ ನೀರು ನಿಧಾನಕ್ಕೆ ತಿಳಿಯಾಗುತ್ತಾ ಬಂತು. ಮೊದಲು ಸಣ್ಣ ಮೀನು ಕಂಡವು, ಆಮೇಲೆ ಮಿಂಚುಳ್ಳಿ, ನೀರುಕಾಗೆ. ಆ ವರ್ಷ ಬಂಡೆಗಳ ಮೇಲೆ ಮೀನಿನ ಹುರುಪೆ ತುಂಬಿದ ಹಿಕ್ಕೆ ಕಾಣತೊಡಗಿತು. ತೆಪ್ಪದಲ್ಲಿ ಹೋಗಿ ಬಲೆ ಬಿಡುವ ಮುರುಗೇಶ ಅದನ್ನು ನೋಡಿ, "ಅಕ್ಕಾ, ನೀರುನಾಯಿ ಬಂದಿದೆ. ನಮ್ಮಪ್ಪನ ಕಾಲದಲ್ಲಿ ಇತ್ತಂತೆ. ನಾನು ಗುರುತು ನೋಡ್ತಿರೋದು ಇದೇ ಮೊದಲು" ಅಂದ. ಅದರ ಹಲ್ಲಿಗೆ ಸಿಕ್ಕಿ ಅವನ ಬಲೆ ಎರಡು ಕಡೆ ಹರಿದಿತ್ತು. ಆದರೂ ಮುಖದಲ್ಲಿ ನಗು.

ನಮ್ಮ ಪಕ್ಕದ ಮನೆ ಶಿವಣ್ಣನಿಗೆ ಮಾತ್ರ ನಗು ಇರಲಿಲ್ಲ. ಅವನ ನಾಲ್ಕು ಕೋಳಿ ಕಾಣೆಯಾಗಿದ್ದವು. "ಹೊಳೆಯಿಂದ ಎಂಥದೋ ಬಂದು ಎತ್ಕೊಂಡು ಹೋಗ್ತಿದೆ. ಭಾನುವಾರ ಮಾಂಸಕ್ಕೆ ಔಷಧಿ ಬೆರೆಸಿ ಇಡ್ತೀನಿ, ನೋಡ್ತಿರಿ" ಅಂದ. ಅದು ಮೀನು ತಿನ್ನೋ ಪ್ರಾಣಿ ಅಂತ ನಾನೂ ಮುರುಗೇಶನೂ ಎಷ್ಟು ಹೇಳಿದರೂ ಕೇಳಲಿಲ್ಲ. "ನೀವು ಕಣ್ಣಾರೆ ಕಂಡಿದ್ದೀರಾ?" ಅಂತ ನನ್ನನ್ನೇ ಕೇಳಿದ. ನಾನು ಕಂಡಿರಲಿಲ್ಲ.

ಶನಿವಾರ ಬೆಳಿಗ್ಗೆ ಗಂಡ ಕೆಲಸಕ್ಕೆ ಹೊರಟ ಮೇಲೆ ಫೋನ್ ಹಿಡಿದು ಹೊಳೆಗಿಳಿದೆ. ಮೊಣಕಾಲುದ್ದ ನೀರು. ಕಲ್ಲಿಂದ ಕಲ್ಲಿಗೆ ಕಾಲಿಡುತ್ತಾ ನಡುವಿನ ದೊಡ್ಡ ಬಂಡೆ ಹತ್ತಿ ಕೂತೆ. ಎದುರಿಗೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಪೊದೆ ಬೆಳೆದ ಒಂದು ನಡುಗಡ್ಡೆ ಇದೆ. ಹಿಕ್ಕೆ ಹೆಚ್ಚಾಗಿ ಕಾಣುತ್ತಿದ್ದದ್ದು ಅಲ್ಲಿ.

ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ನಡುಗಡ್ಡೆಯ ನೀರಂಚಿನ ಬೇರಿನ ಸಂದಿಯಿಂದ ಚಪ್ಪಟೆ ತಲೆಯೊಂದು ಹೊರಗೆ ಬಂತು. ಬಾಯಲ್ಲಿ ಒಂದು ಮರಿ! ಕತ್ತಿನ ಹಿಂಭಾಗ ಕಚ್ಚಿ ಹಿಡಿದು, ಈಜಿ, ಗಡ್ಡೆಯ ಎತ್ತರದ ಕಡೆ ಹತ್ತಿ ಪೊದೆಯೊಳಗೆ ಬಿಟ್ಟು ಬಂತು. ಮತ್ತೆ ಒಳಗೆ ಹೋಗಿ ಎರಡನೆಯದನ್ನು ತಂದಿತು. ಎಲ್ಲ ವಿಡಿಯೋ ಮಾಡ್ತಾ, ಶಿವಣ್ಣನಿಗೆ ಏನೇನು ಹೇಳಬೇಕು ಅಂತ ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ.

ಮೂರನೇ ಮರಿ ತರುವಾಗ ತಾಯಿಗೆ ಈಜಲಾಗಲಿಲ್ಲ. ನೀರು ಅದನ್ನು ಪಕ್ಕಕ್ಕೆ ಎಳೆದುಕೊಂಡು ಹೋಯಿತು. ಹೇಗೋ ಒದ್ದಾಡಿ ಮೇಲೆ ಹತ್ತಿತು. ಆಗ ನಾನು ಕೆಳಗೆ ನೋಡಿದೆ. ಬಂಡೆ ಬುಡದ ಕಲ್ಲಿನ ಮೇಲೆ ಬಿಟ್ಟಿದ್ದ ಚಪ್ಪಲಿ ಇರಲಿಲ್ಲ. ತಿರುಗಿ ನೋಡಿದರೆ ನಾನು ದಾಟಿ ಬಂದ ಕಲ್ಲುಗಳೂ ಇರಲಿಲ್ಲ. ಮೇಲಿನ ಡ್ಯಾಮಿನಿಂದ ನೀರು ಬಿಟ್ಟಿದ್ದರು. ಹಿಂದಿನ ದಿನ ಆಟೋದಲ್ಲಿ ಮೈಕ್ ಕಟ್ಟಿಕೊಂಡು ಹೇಳಿ ಹೋಗಿದ್ದರಂತೆ. ನನ್ನ ಹೊಲಿಗೆ ಮೆಷಿನ್ನಿನ ಸದ್ದಿನಲ್ಲಿ ನನಗೆ ಕೇಳಿಸಿರಲಿಲ್ಲ. ನನಗೆ ಈಜಲೂ ಬಾರದು.

ಗಂಡನಿಗೆ ಫೋನ್ ಮಾಡಿದೆ. ರಿಂಗಾಗಿ ನಿಂತುಹೋಯಿತು. ವರ್ಕ್‌ಶಾಪಿನ ಗದ್ದಲದಲ್ಲಿ ಅವರಿಗೆಲ್ಲಿ ಕೇಳಬೇಕು? ನೀರು ಪಾದ ಮುಟ್ಟಿತು. ಗಂಟಲು ಹರಿಯುವ ಹಾಗೆ ಕೂಗಿದೆ. ಹಲ್ಲುಜ್ಜುತ್ತಾ ಹಿತ್ತಿಲಿಗೆ ಬಂದ ಶಿವಣ್ಣ ನನ್ನ ಕಂಡು ಬ್ರಷ್ ಬಿಸಾಡಿ, "ಅಯ್ಯೋ ಮಾರಾಯ್ತಿ, ಅಲ್ಲಿಗ್ಯಾಕೆ ಹೋದೆ!" ಅನ್ನುತ್ತಾ ಮುರುಗೇಶನ ಮನೆ ಕಡೆ ಓಡಿದ.

ಅವರು ಬರುವಷ್ಟರಲ್ಲಿ ನೀರು ಮೀನಖಂಡಕ್ಕೆ ಬಂದಿತ್ತು. ಶಿವಣ್ಣ ದಡದ ಹೊಂಗೆ ಮರಕ್ಕೆ ಹಗ್ಗ ಸುತ್ತಿ ಹಿಡಿದ. ಇನ್ನೊಂದು ತುದಿ ತೆಪ್ಪಕ್ಕೆ. ಮುರುಗೇಶ "ಮುರುಗಾ, ಮುರುಗಾ" ಅಂತ ಹುಟ್ಟು ಹಾಕುತ್ತಾ, "ಅಕ್ಕಾ, ನಿಲ್ಬೇಡ, ಕೂತ್ಕೋ! ನೀರು ನೋಡಬೇಡ, ನನ್ನ ಮುಖ ನೋಡು!" ಅಂತ ಕೂಗಿದ. ತೆಪ್ಪ ಎರಡು ಸಲ ಬಂಡೆ ಸವರಿಕೊಂಡು ಜಾರಿ ಹೋಯಿತು. ಮೂರನೇ ಸಲ ಅವನು ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡ. ಫೋನ್ ಕೈಜಾರಿ ನೀರಿಗೆ ಬಿತ್ತು.

ದಡಕ್ಕೆ ಇನ್ನೂ ಅರ್ಧ ದಾರಿ ಇತ್ತು. ತಾಯಿ ನೀರುನಾಯಿ ನಮ್ಮ ತೆಪ್ಪದ ಪಕ್ಕದಲ್ಲೇ ತೇಲಿ ಬಂತು. ಬಾಯಲ್ಲಿ ನಾಲ್ಕನೇ ಮರಿ. ತಲೆ ಮಾತ್ರ ಮೇಲೆ, ಕಣ್ಣು ಅಗಲವಾಗಿ ತೆರೆದಿತ್ತು. ದಡದ ಹತ್ತಿರ ಹೋಗಿ, ಮನುಷ್ಯರನ್ನು ಕಂಡು ತಿರುಗಿ, ಸುಳಿಯ ಕಡೆ ಹೋಯಿತು. ಹಗ್ಗ ಹಿಡಿದಿದ್ದ ಶಿವಣ್ಣ ಅದನ್ನೇ ನೋಡುತ್ತಾ ನಿಂತಿದ್ದ.

"ಹಗ್ಗ ಎಳಿ ಅಣ್ಣಾ!" ಮುರುಗೇಶ ಗದರಿದ ಮೇಲೆ ಎಳೆದ.

ದಡ ಮುಟ್ಟಿದ ಮೇಲೆ ನಾನು ಹಿತ್ತಿಲ ಮೆಟ್ಟಿಲ ಮೇಲೆ ಕುಸಿದು ಕೂತೆ. ಹಲ್ಲು ಕಟಕಟ ಅನ್ನುತ್ತಿತ್ತು. ಶಿವಣ್ಣ ತನ್ನ ಹೆಗಲ ಟವೆಲ್ ನನಗೆ ಹೊದಿಸಿದ. "ಅದೂ ನಿನ್ನ ಹಾಗೇ ಸಿಕ್ಕಿಹಾಕ್ಕೊಂಡಿತ್ತಲ್ಲ" ಅಂದ. ಅಷ್ಟೇ. ಭಾನುವಾರ ಅವನು ಕೋಳಿಗೂಡಿಗೆ ಜಾಲರಿ ಬಡಿಯುತ್ತಿದ್ದ. ಆಮೇಲೆ ಕೋಳಿ ಹೋಗುವುದು ನಿಂತಿತು. ಕದ್ದದ್ದು ಕಾಡುಬೆಕ್ಕೋ ಮತ್ತೊಂದೋ, ಗೊತ್ತಾಗಲಿಲ್ಲ.

ಆ ಶನಿವಾರ ಸಂಜೆ ಗಂಡ ನನ್ನನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಬೈದು ಮುಗಿಸಿ ಅವರೇ ಅತ್ತರು. ನಾನು ಮಾತ್ರ ದಿನಾ ಹಿತ್ತಿಲಿನಿಂದ ನಡುಗಡ್ಡೆ ಕಡೆ ನೋಡುತ್ತಿದ್ದೆ. ನೀರು ಇಳಿದ ಮೇಲೂ ಅಲ್ಲಿ ಏನೂ ಅಲುಗಲಿಲ್ಲ. ಊಟ ರುಚಿಸುತ್ತಿರಲಿಲ್ಲ. ಹೊಲಿಯಲು ಕೂತರೆ ಆ ಅಗಲವಾದ ಕಣ್ಣೇ ಎದುರಿಗೆ ಬರುತ್ತಿತ್ತು. ಹನ್ನೊಂದನೇ ದಿನ ಮುರುಗೇಶ ಬೇಲಿ ಹತ್ತಿರ ಬಂದು ಮೆಲ್ಲಗೆ, "ಅಕ್ಕಾ, ಕೆಳಗಡೆ ಮಡುವಿನಲ್ಲಿ ಅವೆ. ತಾಯಿ, ಮೂರು ಮರಿ" ಅಂದ.

ನಾಲ್ಕನೆಯದು? ಕಾಣಲಿಲ್ಲ ಅಂತ ಅವನು ತಲೆ ಅಲ್ಲಾಡಿಸಿದ. ಅದು ಏನಾಯಿತೋ ಇವತ್ತಿಗೂ ನಮಗೆ ಗೊತ್ತಿಲ್ಲ.

ಈಗ ನಮ್ಮ ಹೊಳೆಯಲ್ಲಿ ಅವು ಆಗಾಗ ಕಾಣುತ್ತವೆ. ಜನ ಸೇತುವೆ ಮೇಲೆ ಗಾಡಿ ನಿಲ್ಲಿಸಿ ಮಕ್ಕಳಿಗೆ ತೋರಿಸುತ್ತಾರೆ. ನನಗೂ ಸಂತೋಷವೇ. ಆದರೆ ಪೂರ್ತಿ ಸಂತೋಷಪಡಲು ಆಗುತ್ತಿಲ್ಲ. ನೀರು ಸ್ವಲ್ಪ ಬಣ್ಣ ತಿರುಗಿದರೂ, ಸ್ವಲ್ಪ ಏರಿದರೂ ಅಂಗಾಲು ತಣ್ಣಗಾಗುತ್ತದೆ. ಎಷ್ಟೋ ವರ್ಷದ ಮೇಲೆ ನಮ್ಮನ್ನು ನಂಬಿ ಬಂದಿವೆ. ಅವುಗಳಿಗೆ ಏನಾದರೂ ಆದರೆ ಅನ್ನುವ ಭಯ. ಮನೆಯಲ್ಲಿ ಬಾಣಂತಿ ಇದ್ದಾಗ ಹಿರಿಯರಿಗೆ ನಿದ್ದೆ ಹತ್ತುವುದಿಲ್ಲವಲ್ಲ, ಹಾಗೆ.

— ಒಬ್ಬ ಓದುಗರು, ಭದ್ರಾವತಿ