ಅಕ್ಕ ಸಾಕಿದ ದೀಪ

ಅಟ್ಟೂರಿನ ನಮ್ಮ ತಾರಸಿಯಲ್ಲಿ ಅಕ್ಕ ಮೂರು ಖಾನೆಗಳ ಗಾಜಿನ ಪೆಟ್ಟಿಗೆ ಇಟ್ಟಿದ್ದಳು. ಒಂದು ಬದಿಗೆ ಚರಂಡಿಯ ಕೆಸರು, ನಡುವೆ ಬೋರ್‌ವೆಲ್ಲಿನ ಉಪ್ಪುನೀರು, ಇನ್ನೊಂದು ಬದಿಗೆ ಗಾಳಿಯಾಡುವ ಬರೀ ನೀರು. ಕೆಸರಿನ ಬ್ಯಾಕ್ಟೀರಿಯಾಗಳು ಗಂಜಿ ತಿಂದು ಕರೆಂಟು ಕೊಡುತ್ತಿದ್ದವು, ನೀರಿನ ಉಪ್ಪೂ ಇಳಿಯುತ್ತಿತ್ತು. ಮುಸ್ಸಂಜೆ ಊರು ಮಸುಕಾಗುತ್ತಾ ಬಂದಂತೆ ಅಲ್ಲಿ ಸಾಸಿವೆಯಷ್ಟು ದೀಪ ಮೂಡುತ್ತಿತ್ತು. ಅಕ್ಕ ಗಾಜಿಗೆ ಕೆನ್ನೆಯಿಟ್ಟು, "ಊಟ ಆಯ್ತೇನ್ರೋ?" ಅನ್ನುತ್ತಿದ್ದಳು. ಐದನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನನ್ನು ಹಾಗೆ ವಿಚಾರಿಸಿದವಳಲ್ಲ.

ಆಯುಧಪೂಜೆಯ ದಿನ ನನ್ನ ಆಟೋ ತೊಳೆದವನು, ಆ ಪೆಟ್ಟಿಗೆಯನ್ನೂ ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು, ಕುಂಕುಮವಿಟ್ಟು, ಚೆಂಡುಹೂ ಮುಡಿಸಿದೆ. ಎರಡು ವರ್ಷ ಅಕ್ಕ ಸಾಕಿದ ದೀಪ ಆ ಸಂಜೆ ಹತ್ತಲಿಲ್ಲ.

ಅಮ್ಮ ನನ್ನ ಮೇಲೆ ರೇಗಿದಾಗ ಅಕ್ಕನೇ ತಡೆದಳು. "ಬಯ್ಬೇಡಮ್ಮ, ಅವನಿಗೇನ್ ಗೊತ್ತು ಪಾಪ? ಭಕ್ತಿಯಿಂದ ತೊಳ್ದಿದ್ದಾನೆ."

ತೊಳೆದರೆ ಅವು ಸಾಯುತ್ತವೆಂದು ನನಗೆ ಗೊತ್ತಿತ್ತು.