ಎರಡು ಬಾಗಿಲಿನ ಜಲಾಂತರ್ಗಾಮಿ

ಪರದೇಶಕ್ಕೆ ಬಂದು ಈಸ್ಟ್ ತಮಾಕಿಯ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ರುದ್ರೇಶ ತನ್ನ ಕೆಲಸವನ್ನು 'ಲಾಜಿಸ್ಟಿಕ್ಸ್' ಎನ್ನುತ್ತಿದ್ದ. ಅದರ ಬಗ್ಗೆ ಯಾರೂ ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ. ಊಟದ ಕೂಟಗಳಲ್ಲಿ ಅವನ ಮರ್ಯಾದೆ ಉಳಿಸುತ್ತಿದ್ದದ್ದು ಒಂದೇ ಕಥೆ, ಅದೂ ಬಾಲ್ಯದ್ದು.

2018ರ ಒಂದು ಭಾನುವಾರ, ರೊಟೊಟೂನದ ಚಂದ್ರಮೌಳಿ ಅಂಕಲ್ ಮನೆಯಲ್ಲೂ ಅದನ್ನೇ ತೆಗೆದ. ವಿಜಯಪುರದಿಂದ ಬಂದಿದ್ದ ಅವ್ವ ರತ್ನವ್ವ ಸೋಫಾದ ಮೂಲೆಯಲ್ಲಿ ತಟ್ಟೆ ಹಿಡಿದು ಕೂತಿರುವುದು ಕಥೆ ಅರ್ಧವಾದ ಮೇಲೆ ನೆನಪಾಯಿತು.

"ವೈಜಾಗ್ ದಂಡಿ ಮ್ಯಾಲ ನಿಲ್ಲಿಸ್ಯಾರ್ರೀ, ಎಪ್ಪತ್ತೊಂದರ ಯುದ್ಧದ ಸಬ್‌ಮರೀನು. ಆಗ ನನಗ ಹತ್ತು ವರ್ಷ. ನಮ್ಮ ಮುಂದ ಒಬ್ಬ ಹೆಣ್ಮಗಳು ಬಾಗಲದಾಗ ಚಪ್ಪಲಿ ಬಿಟ್ಟು ಒಳಗ ಹೋದಳ್ರೀ! ಟಾರ್ಪಿಡೋಕ್ಕೂ ಕೈ ಮುಗದಳು!"

ಎಲ್ಲರೂ ನಕ್ಕರು. ರತ್ನವ್ವನೂ ನಕ್ಕಳು. ರುದ್ರೇಶ ತಟ್ಟೆಯತ್ತ ಬಗ್ಗಿ ರೊಟ್ಟಿ ಮುರಿದ. ಆ ಹೆಣ್ಣುಮಗಳು ಅವಳೇ. ಅಂದು ಯಾವುದೋ ಶಾಲೆಯ ಹುಡುಗರು ನಕ್ಕಾಗ ಅವನು ಅವಳ ಕೈ ಕೊಡವಿ, ಯಾರೋ ಎಂಬಂತೆ ಮುಂದೆ ಹೋಗಿದ್ದ.

ಚಂದ್ರಮೌಳಿಯವರ ಎಂಟು ವರ್ಷದ ಮಗಳು ವಚನಾ ಮಾತ್ರ ನಗಲಿಲ್ಲ. "ಡಿಡ್ ಶಿ ಗೆಟ್ ಹರ್ ಜಾಂಡಲ್ಸ್ ಬ್ಯಾಕ್, ಅಂಕಲ್?" ಇಲ್ಲಿಯ ಮಕ್ಕಳಿಗೆ ಚಪ್ಪಲಿ ಎಂದರೆ ಜಾಂಡಲ್.

ನಾಲ್ಕು ವರ್ಷ ಹೇಳಿದ ಕಥೆ. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಉತ್ತರ ಸೋಫಾದಿಂದ ಬಂತು. "ಇಲ್ಲವಾ. ಅದಕ್ಕ ಹೋಗೋ ಬಾಗಲಾ ಬ್ಯಾರೆ, ಬರೋ ಬಾಗಲಾ ಬ್ಯಾರೆ. ತಿರುಗಿ ಒಳಗ ಬಿಡಲಿಲ್ಲ. ಉಸುಕು ಕಾದಿತ್ತು, ಬಸ್ಸಿನ ತನಕ ಬರಿಗಾಲಿಲೆ ಓಡಿದಳು. ಯುದ್ಧದಾಗ ಜೀವಾ ಕೈಯಾಗ ಹಿಡಕೊಂಡು ಮಂದಿ ಇದ್ದ ಜಾಗಾ ಅಂತ ಚಪ್ಪಲಿ ಬಿಟ್ಟಿದ್ದಳು, ಪಾಪ."

"ಭಾಳ ಹತ್ತರದಿಂದ ನೋಡೀರಿ ಬಿಡ್ರಿ!" ಎಂದರು ಚಂದ್ರಮೌಳಿ.

"ನಾನೂ ಅಲ್ಲೇ ಇದ್ದೆನಲ್ರೀ." ರತ್ನವ್ವ ಮಗನ ಕಡೆ ನೋಡದೆ ಅನ್ನ ಕಲಸಿದಳು.

ಅವ್ವ ಮಗನ ತಪ್ಪನ್ನು ಮುಚ್ಚಿ ಕಾಪಾಡಿದ್ದು ರುದ್ರೇಶನಿಗೆ ಉಸುಕಿಗಿಂತ ಹೆಚ್ಚು ಸುಟ್ಟಿತು. ಮಜ್ಜಿಗೆ ಕುಡಿದು ಹೇಳಿಬಿಡೋಣ ಎಂದುಕೊಂಡ. ಮಜ್ಜಿಗೆ ಮೂರು ಲೋಟವಾಯಿತು.

ಹೊರಡುವಾಗ ಬಾಗಿಲಲ್ಲಿ ಬಂದವರೆಲ್ಲರ ಚಪ್ಪಲಿ, ಬೂಟುಗಳ ರಾಶಿ. ರುದ್ರೇಶ ಮೊಣಕಾಲೂರಿ ಅವ್ವನ ಜೋಡನ್ನು ಹುಡುಕಿ ಅವಳ ಮುಂದಿಟ್ಟ. ಏಳದೆ, ಎಲ್ಲರಿಗೂ ಕೇಳುವಂತೆ ಹೇಳಿದ:

"ವಚನಾ, ಆ ಹೆಣ್ಮಗಳು ನಮ್ಮವ್ವ. ನಾನು ಗುರ್ತಽ ಇಲ್ಲದವರಂಗ ಹೋಗಿಬಿಟ್ಟಿದ್ದೆ."

ಈ ಸಲ ಯಾರೂ ನಗಲಿಲ್ಲ.

"ಐ ನೋ," ಎಂದಳು ವಚನಾ.

ರತ್ನವ್ವ ಚಪ್ಪಲಿ ಮೆಟ್ಟಿಕೊಂಡಳು. "ಏಳಪಾ, ಸಾಕು. ಈ ಮನಿಗೆ ಒಂದಽ ಬಾಗಲಾ. ನಾನಽ ಹುಡುಕ್ಕೋತಿದ್ದೆ."