ಟಿವಿಗೆ ಬೆನ್ನು ಹಾಕಿ ಕೂತವರು

ಅವರ ಬಲಗಿವಿ ಮಾತ್ರ ನೀಲಿಯಾಗಿ ಹೊಳೆಯುತ್ತಿತ್ತು, ಉಳಿದ ಮುಖವೆಲ್ಲ ನೆರಳು. ಟಿವಿಯ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು, ಪರದೆಗೆ ಬೆನ್ನು ಹಾಕಿ, ನಮ್ಮ ಕಡೆ ಮುಖ ಮಾಡಿ ಕೂರುತ್ತಿದ್ದರು ಕಾಕು. ಕೈಯಲ್ಲಿ ಪ್ಲಾಸ್ಟಿಕ್ ಕವರು ಬಿಚ್ಚದ ರಿಮೋಟು. ಧಾರಾವಾಹಿ ಶುರುವಾಗುವುದೇ ತಡ, ತಮಗೊಬ್ಬರಿಗೆ ಕೇಳುವಷ್ಟು ಧ್ವನಿ ಇಳಿಸಿ ತಾವು ಶುರು ಮಾಡುತ್ತಿದ್ದರು.

ಕಾಕು ಹುಬ್ಬಳ್ಳಿಯವರು. ಮಸ್ಕತ್ತಿನ ವಾದಿ ಅದಾಯ್‌ ಬಡಾವಣೆಯ ನಮ್ಮ ಕಟ್ಟಡದಲ್ಲಿ ಮೇಲಿನ ಮನೆ ಅವರದು. ಅವರ ಗಂಡ, ಕಾಕಾ, ಒಂದು ಕಂಪನಿಯಲ್ಲಿ ಇಂಜಿನಿಯರು. ನಾನು ಬಂಟ್ವಾಳ ಕಡೆಯ ಬ್ಯಾರಿ ಮನೆಯವಳು, ಸ್ಪೇರ್‌ಪಾರ್ಟ್ಸ್ ಅಂಗಡಿ ಇಟ್ಟವನನ್ನು ಮದುವೆಯಾಗಿ ಬಂದಿದ್ದೆ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಹಿಂದಿ ಮಾತ್ರ ತಲೆಗೆ ಹತ್ತಿರಲಿಲ್ಲ. ಆಗ ನಮ್ಮಂಥವರಿಗೆಂದು ಟಿವಿಯಲ್ಲಿ ಬರುತ್ತಿದ್ದುದು ಶುಕ್ರವಾರ ಮಧ್ಯಾಹ್ನದ ಒಂದು ಹಿಂದಿ ಧಾರಾವಾಹಿ. ಮೇಲೆ ಹಿಂದಿ ಮಾತು, ಕೆಳಗೆ ಅರಬಿ ಅಕ್ಷರ, ನಡುವೆ ಬಾಯಿ ಬಿಟ್ಟುಕೊಂಡ ನಾವು. ಕಟ್ಟಡದ ಹೆಂಗಸರೆಲ್ಲ ಕಾಕುವಿನ ಮನೆಯಲ್ಲಿ ಸೇರುತ್ತಿದ್ದೆವು, ಯಾಕೆಂದರೆ ಅಲ್ಲಿ ಟಿವಿ ಕನ್ನಡ ಮಾತಾಡುತ್ತಿತ್ತು.

ಎರಡು ವರ್ಷ ಕಳೆದು ನನಗೂ ಹಿಂದಿ ಬಂತು. ಒಂದು ಶುಕ್ರವಾರ ಟಿವಿಗೆ ಕಿವಿ ಹಚ್ಚಿದಷ್ಟು ಹತ್ತಿರ ಕೂತಾಗಲೇ ಗೊತ್ತಾದದ್ದು ಕಾಕುವಿನ ಕರಾಮತ್ತು. ಹಿಂದಿಯಲ್ಲಿ ಅತ್ತೆಯ ಕಾಲು ಹಿಡಿದು ಅಳುತ್ತಿದ್ದ ಸೊಸೆ ಕಾಕುವಿನ ಕನ್ನಡದಲ್ಲಿ ಅತ್ತೆಗೇ ನಾಲ್ಕು ಮಾತು ಆಡಿ ಬರುತ್ತಿದ್ದಳು. ಇದೇನು ಕಾಕು, ಅವಳು ಹಾಗೆ ಹೇಳಲೇ ಇಲ್ಲವಲ್ಲ ಎಂದು ಕೇಳಿದೆ. ಅವರಿಗೆ ನಾಚಿಕೆಯೂ ಆಗಲಿಲ್ಲ.

"ಆಕಿಗೆ ಹೇಳಾಕ ಬರಲಿಲ್ಲ, ನಾ ಹೇಳಿದೆ" ಅಂದರು.

ಆಮೇಲೆ ನಮ್ಮ ದೇಶದ ವಲಸೆಗಾರರಿಗೆಂದೇ ಒಂದು ಹಿಂದಿ ಉಪಗ್ರಹ ಚಾನೆಲ್ಲು ಬಂತು. ಡಿಶ್ ಹಾಕಿಸಿದವರಲ್ಲಿ ಕಾಕಾ ಮೊದಲಿಗರು. ಆ ಚಾನೆಲ್ಲಿನವರು ಗಲ್ಫಿನಲ್ಲಿರುವ ನಮ್ಮ ಕುಟುಂಬಗಳ ಬಗ್ಗೆ ಒಂದು ಕಾರ್ಯಕ್ರಮ ಮಾಡಲು ಮಸ್ಕತ್ತಿಗೂ ಬಂದರು. ಯಾರೋ ಕಾಕುವಿನ ಮನೆ ತೋರಿಸಿದರು. ಕ್ಯಾಮೆರಾ ಹಿಡಿದವನ ಜೊತೆ ಬಂದಿದ್ದ ಯುವತಿ ತುಂಬ ನಯವಾಗಿ, ಹಿಂದಿಯಲ್ಲಿ ಮಾತಾಡಿ ಆಂಟಿ, ಇಲ್ಲದಿದ್ದರೆ ಯಾರಿಗೂ ಅರ್ಥವಾಗುವುದಿಲ್ಲ ಎಂದಳು. ಕಾಕುವಿನ ಹಿಂದಿ ಅವಳ ಹಿಂದಿಗಿಂತ ಏನೂ ಕಮ್ಮಿಯಿರಲಿಲ್ಲ. ಆದರೂ ಸೆರಗು ಸರಿಮಾಡಿಕೊಂಡು, ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟು ಕನ್ನಡದಲ್ಲೇ ಹೇಳಿದರು.

"ನಾವೂ ಈ ಊರಾಗ ಅದೀವಿ. ಈ ಡಬ್ಬಿಯೊಳಗ ಎಲ್ಲಾರೂ ಮಾತಾಡತಾರ, ನಮ್ಮ ಮಾತೊಂದ ಇಲ್ಲ. ವಾರಕ್ಕ ಒಂದ ತಾಸು ಕನ್ನಡ ಹಾಕ್ರಿ. ಬೇಡಾಕತ್ತಿಲ್ಲ, ಕೇಳಾಕತ್ತೀನಿ."

ಕಾಕಾ ಅಡುಗೆಮನೆಯ ಬಾಗಿಲಲ್ಲಿ ಬೆವರುತ್ತಿದ್ದರು. ಪರದೇಶದಲ್ಲಿದ್ದೇವೆ, ಇದೆಲ್ಲ ಯಾಕೆ ಬೇಕಿತ್ತು ಎಂದು ಆಮೇಲೆ ಗೊಣಗಿದರು. ಕಾಕು ಬಿಡಲಿಲ್ಲ.

"ಪರದೇಶಕ್ಕ ಬಂದೀವಂತ ನಾಲಿಗಿ ಊರಾಗ ಇಟ್ಟು ಬಂದೀವೇನ್ರಿ?"

ಪ್ರಸಾರದ ದಿನ ಅವರ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಕು ವಿಸಿಆರ್‌ಗೆ ಹೊಸ ಕ್ಯಾಸೆಟ್ ಹಾಕಿ ರೆಕಾರ್ಡಿಂಗ್ ಒತ್ತಿದರು, ಮತ್ತು ಅದೊಂದು ದಿನ ನಮ್ಮೊಡನೆ ನೆಲದ ಮೇಲೆ, ಪರದೆಗೆ ಮುಖ ಮಾಡಿ ಕೂತರು. ದುಬೈ ಬಂತು, ಕುವೈತ್ ಬಂತು, ಕೊನೆಗೆ ಕಾಕು ಬಂದರು. ತಟ್ಟೆಯಲ್ಲಿ ರೊಟ್ಟಿ, ಎಣಗಾಯಿ, ಆಮೇಲೆ ಅವರ ಮುಖ. ತುಟಿ ಆಡುತ್ತಿತ್ತು, ಧ್ವನಿ ಇರಲಿಲ್ಲ. ಅದರ ಮೇಲೆ ಬೇರೆ ಯಾರದೋ ಜೇನಿನಂಥ ದನಿ ಹಿಂದಿಯಲ್ಲಿ ಹೇಳಿತು: ಇವರು ಇಲ್ಲಿ ಬಹಳ ಸುಖವಾಗಿದ್ದಾರೆ, ಊರಿನ ಊಟ ಮಾತ್ರ ಬಹಳ ನೆನಪಾಗುತ್ತದಂತೆ.

ನನಗೆ ಮೈ ಉರಿದುಹೋಯಿತು. ಕಾಕಾ ವಾತಾವರಣ ತಿಳಿ ಮಾಡಲು, ನೀನೂ ಅಷ್ಟು ವರ್ಷ ಇದನ್ನೇ ಮಾಡಿದೆಯಲ್ಲ ಎಂದು ನಗೆಯಾಡಿದರು. ಕಾಕು ಅವರ ಕಡೆ ತಿರುಗಿದರು.

"ನಾ ಬಾಯಿ ಇಲ್ಲದಾಕಿಗೆ ಬಾಯಿ ಕೊಟ್ಟೆ. ಇವರು ಇದ್ದ ಬಾಯಿ ಕಸಗೊಂಡ್ರು."

ಅಷ್ಟು ಹೇಳಿ ಎದ್ದು ಕ್ಯಾಸೆಟ್ ಹಿಂದಕ್ಕೆ ತಿರುಗಿಸಿದರು. ಧ್ವನಿಯನ್ನು ಪೂರ್ತಿ ಇಳಿಸಿ ಕುರ್ಚಿಗೆ ಹೋಗಿ ಕೂತರು. ಪರದೆಯಲ್ಲಿ ಅವರ ತುಟಿ ಆಡತೊಡಗಿದಾಗ ಇತ್ತ ಕುರ್ಚಿಯಿಂದ ತಮ್ಮ ಮಾತನ್ನು ತಾವೇ ಆಡಿದರು. ಮೊದಲ ಸಲ ತುಟಿಗೂ ಮಾತಿಗೂ ಹೊಂದಲಿಲ್ಲ. ಮತ್ತೆ ತಿರುಗಿಸಿದರು. ಮೂರನೆಯ ಸಲ, "ಬೇಡಾಕತ್ತಿಲ್ಲ, ಕೇಳಾಕತ್ತೀನಿ" ಎಂಬ ಕಡೆ ನಾವೆಲ್ಲ ಒಟ್ಟಿಗೆ ಕೂಗಿದೆವು. ಕೆಳಗಿನ ಅಂಗಡಿಯಿಂದ ನನ್ನ ಗಂಡ ಏನಾಯಿತೆಂದು ಓಡಿ ಬಂದಿದ್ದ.

ಅಲ್ಲಿಂದ ಮುಂದೆ ಆ ಮನೆಗೆ ಯಾರೇ ಬರಲಿ, ಸೊಹಾರ್‌ನಿಂದ ಕಾಕಾನ ಗೆಳೆಯರೇ ಬರಲಿ, ಮೊದಲು ಕ್ಯಾಸೆಟ್, ಆಮೇಲೆ ಚಹಾ. ಚಾನೆಲ್ಲಿನವರು ಕನ್ನಡ ಹಾಕಲೇ ಇಲ್ಲ. ವರ್ಷಗಳ ನಂತರ ಊರಿನ ಕನ್ನಡ ಚಾನೆಲ್ಲುಗಳು ತಾವಾಗಿಯೇ ಇಲ್ಲಿಯವರೆಗೂ ಬಂದವು. ಕಾಕು ಅವುಗಳ ಧ್ವನಿಯನ್ನೂ ಇಳಿಸುತ್ತಿದ್ದರು. ಆ ಸೊಸೆಯರೂ ಅಳುವುದನ್ನು ಬಿಟ್ಟಿರಲಿಲ್ಲವಂತೆ.

ಕಾಕಾ ನಿವೃತ್ತರಾದ ಮೇಲೆ ಇಬ್ಬರೂ ಹುಬ್ಬಳ್ಳಿಗೆ ಹೋದರು. ಈ ವರ್ಷ ಕಾಕು ತೀರಿಕೊಂಡರು. ಅವರ ಮಗ ಅಂತ್ಯಕ್ರಿಯೆಯ ನೇರಪ್ರಸಾರದ ಕೊಂಡಿ ಕಳಿಸಿದ. ಹಳೆಯ ಕಟ್ಟಡದ ಹೆಂಗಸರು, ಅವರ ಮೊಮ್ಮಕ್ಕಳು ನಮ್ಮ ಮನೆಯ ದೊಡ್ಡ ಟಿವಿಯ ಮುಂದೆ ಸೇರಿದೆವು. ಅವರ ಪದ್ಧತಿಯಂತೆ ಕಾಕುವನ್ನು ಹೂವಿನ ನಡುವೆ ಕೂರಿಸಿದ್ದರು. ಈ ಸಲವೂ ನಮ್ಮ ಕಡೆಗೇ ಮುಖ.

ಸ್ವಲ್ಪ ಹೊತ್ತಿಗೆ ಧ್ವನಿ ನಿಂತುಹೋಯಿತು. ಜನರ ಬಾಯಿ ಆಡುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಮಕ್ಕಳು ಇಂಗ್ಲಿಷಿನಲ್ಲಿ ಯಾರಿವರು, ಏನು ನಡೆಯುತ್ತಿದೆ ಎಂದು ಕೇಳತೊಡಗಿದವು. ಅವಕ್ಕೆ ಇಂಗ್ಲಿಷಿನಲ್ಲೇ ಹೇಳಿಬಿಡಮ್ಮ ಎಂದಳು ನನ್ನ ಮಗಳು. ನಾನು ಕುರ್ಚಿ ಎಳೆದು ಟಿವಿಯ ಪಕ್ಕಕ್ಕೆ ಹಾಕಿದೆ. ಅಲ್ಲಿ ನಡೆಯುತ್ತಿದ್ದ ಪೂಜೆಯ ಬಗ್ಗೆ ನನಗೆ ಏನೂ ತಿಳಿಯದು. ಕಾಕುವಿನ ಬಗ್ಗೆ ತಿಳಿದಿತ್ತು. ಪರದೆಗೆ ಬೆನ್ನು ಹಾಕಿ ಕೂತು, ಅದನ್ನೇ ಕನ್ನಡದಲ್ಲಿ ಹೇಳತೊಡಗಿದೆ. ಮಕ್ಕಳು ಮೊದಲು ಮುಖ ಮುಖ ನೋಡಿಕೊಂಡವು, ಆಮೇಲೆ ಹತ್ತಿರ ಸರಿದವು.

ಕ್ಯಾಸೆಟ್ ತಿರುಗಿಸಿದ ಕಡೆಗೆ ಬಂದಿದ್ದೆ. ಅಷ್ಟರಲ್ಲಿ ಬೆನ್ನ ಹಿಂದೆ ಗದ್ದಲ ಕೇಳಿಸಿತು. ಧ್ವನಿ ಬಂತಮ್ಮ ಎಂದು ಮಗಳು ರಿಮೋಟು ಎತ್ತಿಕೊಂಡಳು.

"ಕಮ್ಮಿ ಮಾಡು" ಅಂದೆ. "ನಂದು ಇನ್ನೂ ಮುಗೀಲಿಲ್ಲ."